ಮೂರು ಸೆಂಟಿನ ಮೇಯರ್

ಈ ವಾರ ಒಬ್ಬ ಮೇಯರ್ ಕಥೆ. ಟಾಮ್ ಜಾನ್ಸನ್ ಅಂತ, 1901ರಿಂದ 1909ರವರೆಗೆ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರ ಆಳಿದವನು. ರಾಜಕೀಯ ನನಗೆ ಅಷ್ಟಕ್ಕಷ್ಟೇ. ನಾನು ಇವನ ಬೆನ್ನು ಬಿದ್ದಿದ್ದು ಒಂದು ಡಬ್ಬಿಯಿಂದಾಗಿ.

ಹದಿಹರೆಯದಲ್ಲಿ ಲೂಯಿವಿಲ್‌ನ ಟ್ರಾಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಟಾಮ್, ಟಿಕೆಟ್ ದುಡ್ಡು ಹಾಕಲು ಗಾಜಿನ ಡಬ್ಬಿಯೊಂದನ್ನು ರೂಪಿಸಿದ. ಹಾಕಿದ ನಾಣ್ಯ ಎಲ್ಲರಿಗೂ ಕಾಣುತ್ತೆ, ಮೋಸಕ್ಕೆ ಜಾಗ ಇಲ್ಲ. ಅದರಿಂದ ಬಂದ ದುಡ್ಡೇ ಬಂಡವಾಳ. ಮುಂದೆ ಊರೂರಲ್ಲಿ ಟ್ರಾಮ್ ಲೈನ್ ಕೊಂಡ, ಉಕ್ಕಿನ ಕಾರ್ಖಾನೆ ಕಟ್ಟಿದ, ಕೋಟ್ಯಧೀಶನಾದ.

ಏಕಸ್ವಾಮ್ಯದ ರುಚಿ ಅವನಿಗೆ ಬಾಲ್ಯದಲ್ಲೇ ಹತ್ತಿತ್ತು. ಅಂತರ್ಯುದ್ಧ ಮುಗಿದ ಹೊತ್ತು, ಮನೆಯವರು ಎಲ್ಲ ಕಳಕೊಂಡಿದ್ದರು. ಊರಿಗೆ ಬರೋ ರೈಲಿನ ಕಂಡಕ್ಟರ್ ಈ ಹುಡುಗನೊಬ್ಬನಿಗೇ ಪೇಪರ್ ತಂದುಕೊಡುತ್ತಿದ್ದ. ಬೇರೆ ಯಾರ ಹತ್ತಿರವೂ ಪೇಪರ್ ಇಲ್ಲ ಅಂದಮೇಲೆ ಇವನು ಹೇಳಿದ್ದೇ ರೇಟು! ಐದು ವಾರಕ್ಕೆ 88 ಬೆಳ್ಳಿ ಡಾಲರ್ ಸಂಪಾದನೆ.

ಇಂಥವನು ಒಂದು ದಿನ ರೈಲಿನಲ್ಲಿ ಹೆನ್ರಿ ಜಾರ್ಜ್ ಬರೆದ ಪುಸ್ತಕ ಓದಿದ. ಜನ ಸೇರಿ ಬೆಳೆಸಿದ ಊರಿನ ಭೂಮಿಯ ಬೆಲೆ ಕೆಲವರ ಜೇಬು ಸೇರೋದು ಅನ್ಯಾಯ ಅನ್ನೋದು ಜಾರ್ಜ್ ವಾದ. ಟಾಮ್‌ಗೆ ನಿದ್ದೆ ಕೆಟ್ಟಿತು. ಅದೇ ಲೇಖಕನ ಇನ್ನೊಂದು ಪುಸ್ತಕವನ್ನು ತನ್ನ ವಕೀಲನ ಕೈಗಿಟ್ಟು, ಇದರಲ್ಲಿ ತಪ್ಪು ಹುಡುಕಿಕೊಡಪ್ಪಾ ಅಂತ ಕೇಳಿಕೊಂಡನಂತೆ. ತಪ್ಪು ಸಿಗಲಿಲ್ಲ. ಟ್ರಾಮ್ ಮಾಲೀಕ ಟ್ರಾಮ್ ಕಂಪನಿಗಳ ವಿರುದ್ಧವೇ ನಿಂತ.

ಮೇಯರ್ ಚುನಾವಣೆಯಲ್ಲಿ ನಾಲ್ಕು ಸಲ ಗೆದ್ದ. ದೊಡ್ಡ ಡೇರೆ ಹಾಕಿ, ಯಾರು ಬೇಕಾದ್ರೂ ಪ್ರಶ್ನೆ ಕೇಳಿ ಅನ್ನುತ್ತಿದ್ದ. ಪಾರ್ಕುಗಳಲ್ಲಿದ್ದ 'ಹುಲ್ಲು ತುಳಿಯಬೇಡಿ' ಫಲಕ ಕಿತ್ತುಹಾಕಿಸಿದ. (ಇದು ನನಗೆ ಬಹಳ ಇಷ್ಟವಾಯ್ತು.) ಆದರೆ ನಿಜವಾದ ಹಟ ಒಂದೇ: ಐದು ಸೆಂಟಿನ ಟ್ರಾಮ್ ಟಿಕೆಟ್ ಮೂರು ಸೆಂಟ್ ಆಗಬೇಕು. ಆ ಧಂಧೆಯ ಒಳಗುಟ್ಟು ಅವನಿಗೆ ಗೊತ್ತಿತ್ತು. ಕಂಪನಿಗಳು ಕೋರ್ಟಿಗೆ ಎಳೆದವು, ವರ್ಷಗಟ್ಟಲೆ ಜಗ್ಗಾಡಿದವು.

1908ರ ಏಪ್ರಿಲ್‌ನಲ್ಲಿ ಕೊನೆಗೂ ಮೂರು ಸೆಂಟಿನ ಟ್ರಾಮ್ ಊರೆಲ್ಲ ಓಡಿತು. ಒಂದು ತಿಂಗಳು ತುಂಬೋದರೊಳಗೆ ನೌಕರರ ಮುಷ್ಕರ. ಅಕ್ಟೋಬರ್‌ನಲ್ಲಿ ಇದು ಬೇಕಾ ಬೇಡವಾ ಅಂತ ಜನಮತ ಕೇಳಿದರೆ, ಜನ ಬೇಡ ಅಂದರು! ಅದೂ ಕೂದಲೆಳೆಯಷ್ಟು ಅಂತರದಲ್ಲಿ. ಮರುವರ್ಷ ಚುನಾವಣೆಯಲ್ಲೂ ಸೋತ. ಆಸ್ತಿ ಬಹುಪಾಲು ಕರಗಿತ್ತು, ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಬಂದಿದ್ದ. 1910ರಲ್ಲಿ ಹೊಸ ಒಪ್ಪಂದವಾಗಿ ಮೂರು ಸೆಂಟಿನ ಟಿಕೆಟ್ ಮತ್ತೆ ಬಂತು; ಆದರೆ ಟ್ರಾಮ್ ಉಳಿದದ್ದು ಖಾಸಗಿ ಕಂಪನಿ ಕೈಯಲ್ಲೇ. 1911ರ ಏಪ್ರಿಲ್ 10ರಂದು, 56ನೇ ವಯಸ್ಸಿನಲ್ಲಿ, ಟಾಮ್ ತೀರಿಕೊಂಡ. ಸಮಾಧಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಹೆನ್ರಿ ಜಾರ್ಜ್ ಪಕ್ಕದಲ್ಲೇ. ಕ್ಲೀವ್‌ಲ್ಯಾಂಡಿನ ಚೌಕದಲ್ಲಿರುವ ಅವನ ಪ್ರತಿಮೆಯ ಕೈಯಲ್ಲಿ, ವಕೀಲನಿಗೆ ಕೊಟ್ಟಿದ್ದ ಅದೇ ಪುಸ್ತಕ ಇದೆ.

ನಾನು ಯಾಕೆ ಇಷ್ಟು ತಲೆ ಕೆಡಿಸಿಕೊಂಡೆ ಅಂದ್ರೆ, ಮಳೆ ಬಂದಾಗ, ಬೇಡಿಕೆ ಏರಿದಾಗ ಸವಾರಿ ದರ ಎಷ್ಟು ಏರಬೇಕು ಅನ್ನೋ ಲೆಕ್ಕದ ಕೋಡ್ ಬರೆಯೋದು ನನ್ನ ಕೆಲಸ. ಆ ಕೋಡಿನಿಂದಲೇ ನನ್ನ ಇಎಂಐ ನಡೆಯುತ್ತೆ. ಕೆಲಸ ಬಿಡೋ ಧೈರ್ಯ ನನಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸೋಮವಾರದ ಮೀಟಿಂಗಿಗೆ ಒಂದು ಸಾಲು ಸೇರಿಸಿದ್ದೀನಿ: ದರ ಯಾಕೆ, ಎಷ್ಟು ಏರಿತು ಅನ್ನೋ ಲೆಕ್ಕ ಪ್ರಯಾಣಿಕರಿಗೂ ಪರದೆ ಮೇಲೆ ಕಾಣಲಿ ಅಂತ. ಮ್ಯಾನೇಜರ್ ಇನ್ನೂ ಉತ್ತರ ಕೊಟ್ಟಿಲ್ಲ.