ಬೀದಿಗೆ ಅಂಗಡಿ ಬಂದರೆ ಸಾಲದು



ಬಡವರ ಬಡಾವಣೆಯೊಂದರಲ್ಲಿ ಹೊಸ ಅಂಗಡಿ ತೆರೆದರೆ ಆ ಬಡಾವಣೆಗೆ ಒಳ್ಳೆಯ ಕಾಲ ಬಂತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಬೀದಿಗೆ ದೀಪ ಬಂತು, ಜನರ ಓಡಾಟ ಹೆಚ್ಚಿತು, ನಾಲ್ಕಾರು ಹುಡುಗರಿಗೆ ಕೆಲಸ ದೊರೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ ಸರಿ. ಆದರೆ ದಿನವಿಡೀ ಗಲ್ಲಾಪೆಟ್ಟಿಗೆಗೆ ಬಿದ್ದ ಹಣ ರಾತ್ರಿ ಯಾರ ಮನೆ ಸೇರುತ್ತದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕೆಯ ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯ ಕಥೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ.

ಹಾರ್ಲೆಮ್ ಆಫ್ರಿಕನ್ ಮೂಲದ ಅಮೆರಿಕನ್ನರ ಹಳೆಯ ನೆಲೆ. ಸಾಹಿತ್ಯ, ಸಂಗೀತಗಳಿಗೆ ಜಗತ್ತಿನಲ್ಲಿ ಹೆಸರು ಗಳಿಸಿದ ಸ್ಥಳ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಕಡು ಬಡತನಕ್ಕೆ ಇಳಿಯಿತು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು, ಅನೇಕ ಕಟ್ಟಡಗಳು ಪಾಳುಬಿದ್ದವು, ದೊಡ್ಡ ಮಳಿಗೆಗಳು ಅತ್ತ ತಲೆ ಹಾಕಲಿಲ್ಲ. ಬಡವರ ಬಳಿ ಕೊಳ್ಳುವ ಶಕ್ತಿ ಎಲ್ಲಿಯದು ಎಂಬುದು ವ್ಯಾಪಾರಸ್ಥರ ಲೆಕ್ಕಾಚಾರವಾಗಿತ್ತು.

ಈ ಲೆಕ್ಕ ತಪ್ಪೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1995ರಲ್ಲಿ ಒಂದು ಲೇಖನ ಬರೆದು ವಾದಿಸಿದರು. ಒಂದೊಂದು ಮನೆಯ ಆದಾಯ ಕಡಿಮೆಯಿರಬಹುದು, ಆದರೆ ಅಂಥ ಬಡಾವಣೆಗಳಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ. ಎಲ್ಲರ ಖರ್ಚನ್ನು ಕೂಡಿಸಿ ನೋಡಿದರೆ ಅದು ದೊಡ್ಡ ಮಾರುಕಟ್ಟೆಯೇ ಆಗುತ್ತದೆ ಎಂಬುದು ಅವರ ವಾದದ ತಿರುಳು. ಹಾರ್ಲೆಮ್ ಸೇರಿದ ಉತ್ತರ ಮ್ಯಾನ್‌ಹಟನ್ ಒಳಗೊಂಡ ವಲಯಕ್ಕಾಗಿ ಕೇಂದ್ರ, ರಾಜ್ಯ ಮತ್ತು ನಗರ ಆಡಳಿತಗಳು ತಲಾ 10 ಕೋಟಿ ಡಾಲರ್‌ಗಳಂತೆ ಒಟ್ಟು 30 ಕೋಟಿ ಡಾಲರ್‌ಗಳ ನಿಧಿಯನ್ನು ಗೊತ್ತುಮಾಡಿದ್ದೂ ಆ ದಶಕದಲ್ಲಿಯೇ.

ಇದೇ ವಾದವನ್ನು ಆಚರಣೆಗೆ ತಂದವರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ ಪ್ರಮುಖರು. ಅವರು 1995ರಲ್ಲಿ ಲಾಸ್ ಏಂಜಲೀಸ್‌ನ ಕ್ರೆನ್ಶಾ ಬಡಾವಣೆಯಲ್ಲಿ ಚಿತ್ರಮಂದಿರ ತೆರೆದರು. ಮೂರು ವರ್ಷ ಹಿಂದೆ, 1992ರಲ್ಲಿ, ಆ ನಗರ ಭೀಕರ ಗಲಭೆಯಲ್ಲಿ ಬೆಂದಿತ್ತೆಂಬುದನ್ನು ನೆನೆದರೆ ಆ ಸಾಹಸದ ಬೆಲೆ ತಿಳಿಯುತ್ತದೆ. 1998ರಲ್ಲಿ ಅವರು ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆಯೊಡನೆ ಸಮಪಾಲಿನ ಒಪ್ಪಂದ ಮಾಡಿಕೊಂಡು, ಇತರರು ಕಾಲಿಡದ ಬಡಾವಣೆಗಳಲ್ಲಿ ಕಾಫಿ ಮಳಿಗೆಗಳನ್ನು ತೆರೆದರು. 1999ರಲ್ಲಿ ಹಾರ್ಲೆಮ್‌ನ 125ನೆಯ ಬೀದಿಗೂ ಅಂಥ ಮಳಿಗೆ ಬಂದಿತು. ಅಲ್ಲಿನ ಜನರ ರುಚಿಗೆ ಹೊಂದುವ ಸಿಹಿಗೆಣಸಿನ ತಿನಿಸಿನಂಥವನ್ನು ತಮ್ಮ ಮಳಿಗೆಗಳಲ್ಲಿ ಇರಿಸಿದ್ದನ್ನು ಜಾನ್ಸನ್ ಹೇಳಿಕೊಂಡಿದ್ದಾರೆ. ಗಿರಾಕಿಯನ್ನು ಗೌರವಿಸುವುದೆಂದರೆ ಇದೇ ಎಂದು ನಮಗನ್ನಿಸುತ್ತದೆ.

ಅದೇ 1999ರಲ್ಲಿ ಪೂರ್ವ ಹಾರ್ಲೆಮ್‌ನಲ್ಲಿ ಪಾಥ್‌ಮಾರ್ಕ್ ಎಂಬ ದೊಡ್ಡ ದಿನಸಿ ಮಳಿಗೆ ತೆರೆಯಿತು. ತಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ಅಲ್ಲಿನ ಚಿಕ್ಕ ಅಂಗಡಿಗಳವರು ಮೊದಲೇ ವಿರೋಧಿಸಿದ್ದರು. ಗೃಹಿಣಿಯರಿಗಾದರೋ ತಾಜಾ ತರಕಾರಿ, ಹಣ್ಣು ಮನೆಯ ಹತ್ತಿರವೇ ದೊರೆಯುವಂತಾಯಿತು. ಎರಡು ಪಕ್ಷದವರ ಮಾತಿನಲ್ಲಿಯೂ ಸತ್ಯವಿತ್ತು.

ಮುಂದೇನಾಯಿತು? ಬಡಾವಣೆ ಬೆಳಗಿದಂತೆಲ್ಲ ಬಾಡಿಗೆಯೂ ಏರಿತು. 2008ರಲ್ಲಿ ನಗರಾಡಳಿತವು 125ನೆಯ ಬೀದಿಯಲ್ಲಿ ಎತ್ತರದ ಕಟ್ಟಡಗಳಿಗೆ ಎಡೆಮಾಡುವಂತೆ ನಿಯಮಗಳನ್ನು ಬದಲಿಸಿತು. ಕಷ್ಟಕಾಲದಲ್ಲಿ ಬೀದಿಯನ್ನು ಕಾಯ್ದುಕೊಂಡಿದ್ದ ಅನೇಕ ಹಳೆಯ ಅಂಗಡಿಗಳು ಸುಖಕಾಲದಲ್ಲಿ ಅಲ್ಲಿಂದ ಕಾಲ್ತೆಗೆಯಬೇಕಾಯಿತು. ಜಾನ್ಸನ್ 2010ರಲ್ಲಿ ಕಾಫಿ ಮಳಿಗೆಗಳ ತಮ್ಮ ಪಾಲನ್ನು ಮಾರಿದರು. ಪಾಥ್‌ಮಾರ್ಕ್ ನಿಂತಿದ್ದ ನೆಲ 2014ರಲ್ಲಿ ಕಟ್ಟಡ ನಿರ್ಮಾಣ ಸಂಸ್ಥೆಯೊಂದಕ್ಕೆ ಮಾರಾಟವಾಗಿ, ಮರುವರ್ಷ ಮಳಿಗೆಯ ಬಾಗಿಲೂ ಮುಚ್ಚಿತು. ನೆಲ ಯಾರದೋ ತೀರ್ಮಾನ ಅವರದು. ಸ್ವಂತ ಕಟ್ಟಡವೋ ದೀರ್ಘಾವಧಿಯ ಕರಾರೋ ಇದ್ದವನಿಗೆ ಏಳಿಗೆಯಲ್ಲಿ ಪಾಲು ದೊರೆಯುತ್ತದೆ. ತಿಂಗಳ ಬಾಡಿಗೆಯವನಿಗೆ ಅದೇ ಏಳಿಗೆ ಮುಳುವಾಗುತ್ತದೆ.

ಬಂಧುಗಳೇ, ದೂರದ ಊರಿನ ಈ ಮಾತು ನಮಗೇಕೆ ಎನ್ನಬೇಡಿ. ನಮ್ಮ ಊರುಗಳಲ್ಲಿಯೂ ಫ್ರಾಂಚೈಸಿ ವ್ಯಾಪಾರ ಇಂದು ಮನೆಮಾತಾಗಿದೆ. ಹೆಸರಾಂತ ಸಂಸ್ಥೆಯ ಹೆಸರು, ಮಾಲು ಮತ್ತು ಕ್ರಮವನ್ನು ಪಡೆದು, ಅದಕ್ಕೆ ಶುಲ್ಕವನ್ನೂ ಹಲವೆಡೆ ಮಾರಾಟದಲ್ಲಿ ಪಾಲನ್ನೂ ಕೊಟ್ಟು, ಸ್ವಂತ ಬಂಡವಾಳದಿಂದ ಅಂಗಡಿ ನಡೆಸುವುದೇ ಈ ಪದ್ಧತಿ. ವ್ಯಾಪಾರದ ಅನುಭವವಿಲ್ಲದ ಬಡ ಮನೆಯ ಮಗನಿಗೋ ಮಗಳಿಗೋ ಇದು ಒಳ್ಳೆಯ ಏಣಿಯಾಗಬಲ್ಲದು. ಆದರೆ ಏಣಿಯ ಮೆಟ್ಟಿಲುಗಳು ಗಟ್ಟಿಯಾಗಿವೆಯೇ ಎಂದು ನೋಡದೆ ಹತ್ತಿದರೆ ತಾಯಿಯ ಒಡವೆ ಒತ್ತೆಯಿಟ್ಟು ತಂದ ಹಣ ಕರಗಿಹೋಗುತ್ತದೆ. ಅಮೆರಿಕೆಯಲ್ಲಿ ಫ್ರಾಂಚೈಸಿ ಕೊಡುವ ಸಂಸ್ಥೆಯು ಕರಾರಿಗೆ ಸಹಿ ಹಾಕಿಸುವ 14 ದಿನ ಮೊದಲೇ ತನ್ನ ವ್ಯವಹಾರದ ವಿವರಗಳನ್ನು ಬರೆದು ಕೊಡಬೇಕೆಂಬ ಕಡ್ಡಾಯ ನಿಯಮವಿದೆ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯಿದೆಯಂಥ ಸಾಮಾನ್ಯ ಕಾನೂನುಗಳೇ ಆಧಾರ. ಆದ್ದರಿಂದ ಎಚ್ಚರಿಕೆಯ ಹೊಣೆ ನಮ್ಮದೇ.

ಸಹಿ ಹಾಕುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಮುಂಗಡ ಹಣ ಮರಳಿ ಬರುವುದೇ? ಮಾರಾಟವಾಗದ ಮಾಲಿನ ನಷ್ಟ ಯಾರದು? ಅದೇ ಬೀದಿಯಲ್ಲಿ ಇನ್ನೊಬ್ಬರಿಗೆ ಅದೇ ಅಂಗಡಿ ಕೊಡುವರೇ? ಕರಾರು ಮುಗಿದ ಮೇಲೆ ಗತಿಯೇನು? ಈಗಾಗಲೇ ಅಂಥ ಅಂಗಡಿ ನಡೆಸುತ್ತಿರುವ ಇಬ್ಬರು ಮೂವರನ್ನು ಕಂಡು ಮಾತನಾಡುವುದು ಎಲ್ಲ ಜಾಹೀರಾತುಗಳಿಗಿಂತ ಮೇಲು.

ನಮ್ಮ ಓದುಗ ಕುಟುಂಬಗಳಲ್ಲಿ ತಲೆಮಾರುಗಳಿಂದ ತಕ್ಕಡಿ ಹಿಡಿದವರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ವಕೀಲರಿದ್ದಾರೆ. ಬಡಾವಣೆಯ ಒಬ್ಬ ತರುಣನಿಗೆ ಖಾತೆ ಬರೆಯುವುದನ್ನು ಕಲಿಸಿದರೆ, ಒಬ್ಬ ತಾಯಿಯ ಕರಾರುಪತ್ರವನ್ನು ಓದಿ ಅರ್ಥ ಹೇಳಿದರೆ, ಸಾಲದ ಅರ್ಜಿ ತುಂಬಿಸಿಕೊಟ್ಟರೆ ಅದು ಸಣ್ಣ ಸೇವೆಯಲ್ಲ. ಕೈಯಲ್ಲಿ ಕಟ್ಟಡವಿರುವವರು ಮೂರು ವರ್ಷದ ಬದಲು ಹತ್ತು ವರ್ಷದ ಕರಾರು ಬರೆದುಕೊಟ್ಟರೆ ಒಂದು ಸಂಸಾರ ನೆಲೆ ನಿಲ್ಲುತ್ತದೆ. ಬಡವನ ಬೀದಿಗೆ ಅಂಗಡಿ ಬರಲಿ. ಅದರ ಬೀಗದ ಕೈ ಆ ಬೀದಿಯವನ ಸೊಂಟದಲ್ಲಿಯೇ ಇರಲಿ ಎಂಬುದು ನಮ್ಮ ಹಾರೈಕೆ.