ಮೊದಲ ತೂತಿಗಿಂತ ಮೊದಲೇ ಕೇಳಬೇಕು

ಚಿನ್ನದ ಹುಡುಕಾಟಕ್ಕೂ ಕೃಷಿ ಪತ್ರಿಕೆಗೂ ಏನು ಸಂಬಂಧ ಎಂದು ಕೇಳುವವರಿರಬಹುದು. ನಮಗೆ ಗೊತ್ತಿರುವ ಚಿನ್ನ ಒಂದೋ ಮನೆಯಾಕೆಯ ಕುತ್ತಿಗೆಯಲ್ಲಿದೆ, ಇಲ್ಲವೇ ಸೊಸೈಟಿಯಲ್ಲಿ ಅಡವಿದೆ. ಆದರೆ ಚಿನ್ನದ ಗಣಿ ಆಕಾಶದಿಂದ ಇಳಿಯುವುದಿಲ್ಲ. ಯಾರದೋ ನೆಲದಲ್ಲಿ ಒಂದು ಚೀಲ ಮಣ್ಣು ತೆಗೆಯುವುದರಿಂದ ಅದು ಶುರುವಾಗುತ್ತದೆ. ಮಣ್ಣು ಎಂದ ಮೇಲೆ ಅದು ನಮ್ಮ ವಿಷಯವೇ.

ಈ ಹುಡುಕಾಟದ ಬಗ್ಗೆ ಕೆಲವು ಸಮಯದಿಂದ ಓದುತ್ತಿದ್ದೇನೆ. ಅದನ್ನು ಚೆನ್ನಾಗಿ ನೋಡಲು ಸಿಗುವ ಜಾಗ ಕೆನಡಾದ ಯುಕಾನ್. ಉತ್ತರ ತುದಿಯಲ್ಲಿ, ಅಲಾಸ್ಕಾಕ್ಕೆ ತಾಗಿಕೊಂಡಿರುವ ಪ್ರದೇಶ. ಕರ್ನಾಟಕದ ಎರಡೂವರೆ ಪಟ್ಟು ದೊಡ್ಡದು, ಜನ ಮಾತ್ರ ಅರ್ಧ ಲಕ್ಷವೂ ಇಲ್ಲ. 1896ರಲ್ಲಿ ಅಲ್ಲಿನ ಕ್ಲಾಂಡೈಕ್ ತೊರೆಗಳ ಮರಳಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಮಂದಿ ಮುಗಿಬಿದ್ದರು. ಮರಳಿಗೆ ಚಿನ್ನ ಬಂದದ್ದು ಯಾವ ಬಂಡೆಯಿಂದ ಎಂಬ ಹುಡುಕಾಟ ಇಂದಿಗೂ ಮುಗಿದಿಲ್ಲ.

ಅಲ್ಲಿ ಜಾಗ ಹಿಡಿಯುವ ಕ್ರಮ ನೋಡಿ. ಕಾಡಿನಲ್ಲಿ ಗೂಟ ನೆಟ್ಟು, ಅಳತೆ ಹಾಕಿ, ಸರಕಾರಿ ಕಚೇರಿಯಲ್ಲಿ ಹತ್ತು ಡಾಲರು ಕಟ್ಟಿ ದಾಖಲೆ ಮಾಡಿಸಿದರೆ ಒಂದು ಕ್ಲೈಮ್ ಆಯಿತು. ಒಂದು ಪೂರ್ಣ ಕ್ಲೈಮ್ 1500 ಅಡಿ ಉದ್ದ, 1500 ಅಡಿ ಅಗಲ. ಅಂದರೆ ಸುಮಾರು 51 ಎಕ್ರೆ. ವರ್ಷಕ್ಕೆ ನೂರು ಡಾಲರಿನಷ್ಟು ಕೆಲಸ ತೋರಿಸಿದರೆ ಅಥವಾ ಅಷ್ಟು ಹಣ ಕಟ್ಟಿದರೆ ಹಕ್ಕು ಊರ್ಜಿತ. ಸಿಗುವುದು ನೆಲದ ಒಡೆತನವಲ್ಲ, ನೆಲದಡಿಯ ಖನಿಜದ ಹಕ್ಕು. ಒಬ್ಬೊಬ್ಬರು ಹೀಗೆ ನೂರಾರು, ಸಾವಿರಾರು ಕ್ಲೈಮ್ ಹಿಡಿದದ್ದುಂಟು.

ಆಮೇಲೆ ಮಣ್ಣು ಪರೀಕ್ಷೆ. ಇದು ನಮಗೆ ಹೊಸತಲ್ಲ. ನಾವು ತೋಟದ ಹತ್ತು ಕಡೆಯಿಂದ ಮೇಲ್ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಕಳಿಸುತ್ತೇವೆ. ಅವರು ಬೆರೆಸುವುದೇ ಇಲ್ಲ. ಗುಡ್ಡದ ಮೇಲೆ ನೇರ ಸಾಲು ಹಾಕಿ, ಇಂತಿಷ್ಟು ಮೀಟರಿಗೊಂದು ಕಡೆ ಕೈಬೈರಿಗೆಯಿಂದ ಕೊರೆದು, ಮೇಲ್ಮಣ್ಣಿನ ಕೆಳಗಿನ, ಬಂಡೆ ಸವೆದು ಆದ ಮಣ್ಣನ್ನು ತೆಗೆಯುತ್ತಾರೆ. ಪ್ರತಿ ಚೀಲಕ್ಕೂ ನಂಬರು. ಒಂದು ಟನ್ ಮಣ್ಣಿನಲ್ಲಿ ಕೆಲವು ಮಿಲಿಗ್ರಾಂ ಚಿನ್ನವಿದ್ದರೂ ಪ್ರಯೋಗಾಲಯ ಹೇಳುತ್ತದೆ. ಚಿನ್ನದ ಜೊತೆಗೆ ಬರುವ ಆರ್ಸೆನಿಕ್‌ನಂತಹವನ್ನೂ ಅಳೆಯುತ್ತಾರೆ. ಅದು ಹೆಚ್ಚಿದ್ದಲ್ಲಿ ಚಿನ್ನದ ಸುಳಿವು.

ಯುಕಾನಿನ ಡಾಸನ್ ಊರಿನ ದಕ್ಷಿಣದ ಗುಡ್ಡಗಳಲ್ಲಿ ಇದು ಫಲಿಸಿದ್ದಕ್ಕೆ ಕಾರಣವಿದೆ. ಕೆನಡಾದ ಬಹುಭಾಗವನ್ನು ಹಿಮಯುಗದ ನೀರ್ಗಲ್ಲು ಉತ್ತು ಹಾಕಿದೆ. ಮಣ್ಣು ಎಲ್ಲಿಂದೆಲ್ಲಿಗೋ ಹೋಗಿದೆ. ಇಲ್ಲಿಗೆ ಆ ನೀರ್ಗಲ್ಲು ಬರಲಿಲ್ಲ. ಹಾಗಾಗಿ ಮಣ್ಣು ತಾನು ಹುಟ್ಟಿದ ಬಂಡೆಯ ಮೇಲೆಯೇ ಕೂತಿದೆ. ಇದನ್ನು ಹಿಡಿದು ಹೋದವರು ಶಾನ್ ರಯಾನ್. ಕಾಡಿನಲ್ಲಿ ಅಣಬೆ ಕೊಯ್ದು ಮಾರುತ್ತಿದ್ದ ಮನುಷ್ಯ. ಅವರ ಮಣ್ಣಿನ ಚೀಲಗಳ ಬೆನ್ನು ಹಿಡಿದೇ ವೈಟ್ ಗೋಲ್ಡ್, ಕಾಫಿ ಎಂಬ ಎರಡು ನಿಕ್ಷೇಪ ಪತ್ತೆಯಾದವು.

ಇಲ್ಲಿಂದ ಮುಂದಿನದು ನಮಗೆ ಬೇಕಾದ ಸಂಗತಿ. ವೈಟ್ ಗೋಲ್ಡ್‌ನಲ್ಲಿ ಕೊರೆದದ್ದು ಅಂಡರ್‌ವರ್ಲ್ಡ್ ಎಂಬ ಸಣ್ಣ ಕಂಪೆನಿ. 2010ರಲ್ಲಿ ಕಿನ್ರಾಸ್ ಎಂಬ ದೊಡ್ಡ ಕಂಪೆನಿ ಅದನ್ನು ಕೊಂಡಿತು. 2017ರಲ್ಲಿ ಆ ಜಾಗ ಮತ್ತೊಬ್ಬರ ಕೈಗೆ ಹೋಯಿತು. ಕಾಫಿಯಲ್ಲಿ ಕೊರೆದದ್ದು ಕಾಮಿನಾಕ್. 2016ರಲ್ಲಿ ಅದನ್ನು ಗೋಲ್ಡ್‌ಕಾರ್ಪ್ ಸುಮಾರು 52 ಕೋಟಿ ಕೆನಡಾ ಡಾಲರಿಗೆ ಕೊಂಡಿತು. 2019ರಲ್ಲಿ ಗೋಲ್ಡ್‌ಕಾರ್ಪನ್ನೇ ನ್ಯೂಮಾಂಟ್ ನುಂಗಿತು. ಇಷ್ಟೆಲ್ಲ ಕೈ ಬದಲಾದರೂ 2024 ಮುಗಿಯುವ ತನಕ ಎರಡೂ ಕಡೆ ಗಣಿ ಆಗಿರಲಿಲ್ಲ.

ಇದರಲ್ಲಿ ಮೋಸವಿಲ್ಲ, ಆ ವ್ಯಾಪಾರದ ಕ್ರಮವೇ ಹಾಗೆ. ಹುಡುಕುವವನೊಬ್ಬ, ಕೊರೆಯುವವನೊಬ್ಬ, ಅಗೆಯುವವನು ಇನ್ನೊಬ್ಬ. ಹಾಗಿದ್ದ ಮೇಲೆ ಮೊದಲು ಬಂದವನು ಊರಿನವರಿಗೆ ಬಾಯಿಯಲ್ಲಿ ಕೊಟ್ಟ ಮಾತಿಗೆ ಬೆಲೆ ಎಷ್ಟು? "ಇದು ಬರೀ ಸರ್ವೆ, ನಿಮಗೇನೂ ತೊಂದರೆಯಿಲ್ಲ" ಎಂದವನು ನಾಳೆ ಮಾರಿ ಹೋಗಿರುತ್ತಾನೆ. ಮಾತು ಕೊಟ್ಟವನು ಹೋಗುತ್ತಾನೆ, ತೂತು ಉಳಿಯುತ್ತದೆ.

ಯುಕಾನಿನ ಮೂಲನಿವಾಸಿಗಳು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರು. ರಾಸ್ ರಿವರ್ ಎಂಬಲ್ಲಿನ ಡೇನಾ ಜನ ಕೋರ್ಟಿಗೆ ಹೋದರು. ನಮ್ಮ ಬೇಟೆಯ, ಬದುಕಿನ ನೆಲದಲ್ಲಿ ನಮ್ಮನ್ನು ಕೇಳದೆ ಯಾರು ಬೇಕಾದರೂ ಗೂಟ ನೆಡುವುದು, ಮರ ಕಡಿದು ಸಾಲು ಬಿಡಿಸುವುದು, ಕಂದಕ ತೋಡುವುದು ಸರಿಯಲ್ಲ ಎಂದರು. ಇದು ಕೆಳದರ್ಜೆಯ ಕೆಲಸ, ಕೇಳುವ ಅಗತ್ಯವಿಲ್ಲ ಎಂಬುದು ಅಲ್ಲಿಯ ಪದ್ಧತಿಯಾಗಿತ್ತು. 2012ರ ಡಿಸೆಂಬರಿನಲ್ಲಿ ಯುಕಾನ್ ಮೇಲ್ಮನವಿ ನ್ಯಾಯಾಲಯ ಡೇನಾ ಜನರ ಪರ ತೀರ್ಪು ಕೊಟ್ಟಿತು: ಆರಂಭದ ಹುಡುಕಾಟವೂ ಜನರ ಹಕ್ಕಿಗೆ ಧಕ್ಕೆ ತರಬಹುದು, ಆದ್ದರಿಂದ ಸರಕಾರ ಮೊದಲೇ ತಿಳಿಸಿ ಸಮಾಲೋಚಿಸಬೇಕು. ಸುಪ್ರೀಂ ಕೋರ್ಟು 2013ರಲ್ಲಿ ಸರಕಾರದ ಮನವಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಆ ಪ್ರದೇಶದಲ್ಲಿ ಹೊಸ ಗೂಟ ನೆಡುವುದನ್ನು ಸರಕಾರವೇ ನಿಲ್ಲಿಸಬೇಕಾಯಿತು.

ಮೊದಲೇ ಕೇಳುವುದು ಯಾಕೆ ಎಂಬುದಕ್ಕೆ ಅಲ್ಲಿಯದೇ ಇನ್ನೊಂದು ಉದಾಹರಣೆ ಇದೆ. ಈಗಲ್ ಎಂಬ ಗಣಿ 2019ರಲ್ಲಿ ಚಿನ್ನ ಎರಕ ಹೊಯ್ದಿತು. ಒಂದು ಟನ್ ಅದಿರಿನಲ್ಲಿ ಒಂದು ಗ್ರಾಮಿಗೂ ಕಡಿಮೆ ಚಿನ್ನ. ಹಾಗಾಗಿ ಕಲ್ಲು ಪುಡಿ ಮಾಡಿ, ಗುಡ್ಡೆ ಹಾಕಿ, ಮೇಲಿಂದ ಸಯನೈಡ್ ದ್ರಾವಣ ಹನಿಸುವ ಕ್ರಮ. 24 ಜೂನ್ 2024ರಂದು ಆ ಗುಡ್ಡೆ ಜರಿಯಿತು. ಲಕ್ಷಗಟ್ಟಲೆ ಟನ್ ಕಲ್ಲು, ಕೋಟಿಗಟ್ಟಲೆ ಲೀಟರ್ ಸಯನೈಡ್ ನೀರು ಕಟ್ಟೆ ದಾಟಿತು. ಆಗಸ್ಟಿನಲ್ಲಿ ಕೋರ್ಟು ಕಂಪೆನಿಯ ಮೇಲೆ ರಿಸೀವರನ್ನು ನೇಮಿಸಿತು. ಗಣಿ ಆದ ಮೇಲೆ ಷರತ್ತು ಹಾಕುತ್ತೇವೆ ಎಂದು ಕಾದವರಿಗೆ ಸಿಗುವುದು ಇಷ್ಟೇ.

ಇದು ದೂರದ ಕತೆ ಅನ್ನಬೇಡಿ. ನಮ್ಮ ದೇಶದ ಗಣಿ ಕಾನೂನಿಗೆ 2023ರಲ್ಲಿ ತಿದ್ದುಪಡಿಯಾಗಿ 'ಅನ್ವೇಷಣಾ ಪರವಾನಗಿ' ಬಂದಿದೆ. ಅದರ ಪಟ್ಟಿಯಲ್ಲಿ ಚಿನ್ನವೂ ಇದೆ. ಪರವಾನಗಿ ಹಿಡಿದವನು ಹುಡುಕಿ ಕೊಟ್ಟ ಜಾಗ ಗಣಿಗಾಗಿ ಬೇರೆ ಹರಾಜಾಗುತ್ತದೆ. ಹುಡುಕಿದವನಿಗೆ ಅದರಲ್ಲಿ ಪಾಲು. ಅಂದರೆ ಇಲ್ಲಿಯೂ ಹುಡುಕುವವನು ಬೇರೆ, ಅಗೆಯುವವನು ಬೇರೆ. ಯುಕಾನಿನಲ್ಲಿ ವ್ಯಾಪಾರದ ರೂಢಿಯಾದದ್ದು ನಮ್ಮಲ್ಲಿ ಕಾನೂನಾಗಿದೆ. ಅಲ್ಲಿಯದು ಹೆಚ್ಚಾಗಿ ಕಾಡು, ನಮ್ಮದು ಗದ್ದೆ, ತೋಟ, ಬಾವಿ.

ನಾನು ಗಣಿಯೇ ಬೇಡ ಎನ್ನುವವನಲ್ಲ. ರಾಯಚೂರಿನ ಹಟ್ಟಿಯಲ್ಲಿ ಎಷ್ಟೋ ಮನೆಯ ಒಲೆ ಉರಿಯುವುದು ಚಿನ್ನದಿಂದ. ಕೋಲಾರದ ಗಣಿ 2001ರಲ್ಲಿ ಮುಚ್ಚಿದಾಗ ಕೆಲಸ ಕಳಕೊಂಡವರ ಕಷ್ಟ ಸಣ್ಣದಲ್ಲ. ಆದರೆ ಗಣಿ ಮುಚ್ಚಿದರೂ ಸಯನೈಡ್ ದಿಬ್ಬಗಳು ಅಲ್ಲೇ ಇವೆ, ಗಾಳಿಗೆ ದೂಳು ಏಳುತ್ತದೆ. ನಾನು ಹೇಳುವುದು ಇಷ್ಟೇ: ನಮ್ಮ ಷರತ್ತು ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ; ಗಣಿಯ ಹೊತ್ತಿಗಲ್ಲ, ಮೊದಲ ಚೀಲ ಮಣ್ಣಿನ ಹೊತ್ತಿಗೆ ಇರಲಿ.

ಯಾವ ಸರ್ವೆ ನಂಬರುಗಳು ಎಂಬ ನಕ್ಷೆ ಪಂಚಾಯತಿನಲ್ಲಿ ತೂಗಬೇಕು. ಪರವಾನಗಿ ಯಾರ ಹೆಸರಲ್ಲಿದೆ, ಎಷ್ಟು ವರ್ಷಕ್ಕೆ ಎಂದು ಕೇಳಿ ನಕಲು ತೆಗೆದಿಡಬೇಕು. ಕೊರೆಯುವ ಯಂತ್ರ ಬರುವ ಮೊದಲೇ ನಮ್ಮ ಬಾವಿ, ಕೆರೆಯ ನೀರನ್ನು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಬೇಕು; ಆರ್ಸೆನಿಕ್ ಸೇರಿಸಿ. ಮೊದಲು ಹೇಗಿತ್ತು ಎಂಬುದಕ್ಕೆ ದಾಖಲೆಯಿಲ್ಲದಿದ್ದರೆ ಆಮೇಲೆ ಕೆಟ್ಟಿತು ಎಂದರೆ ಯಾರು ನಂಬುತ್ತಾರೆ? ಕೊರೆದ ತೂತನ್ನು ಸಿಮೆಂಟು ಹಾಕಿ ಮುಚ್ಚುವವರು ಯಾರು ಎಂಬುದು ಬರಹದಲ್ಲಿ ಇರಬೇಕು. ಪಕ್ಕದವನ ಬೋರ್‌ವೆಲ್ಲಿಗೆ ನಮ್ಮ ಬಾವಿ ಬತ್ತಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಕಾಟದಿಂದ ಆದ ನಷ್ಟಕ್ಕೆ ಸಾಗುವಳಿದಾರನಿಗೆ ಪರಿಹಾರ ಕೊಡಬೇಕೆಂದು ಗಣಿ ಕಾನೂನಿನ 24ಎ ಕಲಮು ಹೇಳುತ್ತದೆ. ಅದು ಭಿಕ್ಷೆಯಲ್ಲ, ಕೇಳಿ ಪಡೆಯಿರಿ.

ಇನ್ನೊಂದು ಮಾತು. ಚಿನ್ನ ಸಿಕ್ಕಿತಂತೆ ಎಂಬ ಸುದ್ದಿ ಕೇಳಿ ಗಡಿಬಿಡಿಯಲ್ಲಿ ಜಾಗ ಮಾರಬೇಡಿ. ರೇಟು ಏರುತ್ತದೆಂದು ಸಾಲ ಮಾಡಿ ಕೊಳ್ಳಲೂ ಬೇಡಿ. ಹುಡುಕಿದ ಜಾಗಗಳಲ್ಲಿ ಗಣಿಯಾಗುವುದು ಬೆರಳೆಣಿಕೆ. ಉಳಿದ ಕಡೆ ಹುಡುಕುವವರು ಎದ್ದು ಹೋಗುತ್ತಾರೆ. ಅಲ್ಲಿ ಮತ್ತೆ ಬಿತ್ತಬೇಕಾದವರು ನಾವೇ.