ದೇಹದಂಡನೆ ಬೇಡ, ಐದು ಕಿಲೋ ಸಾಕು



ಕಳೆದ ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ತಿಂಗಳ ಪರ್ಯಂತ ಪ್ರವಚನ ನಡೆಯಿತು. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ದಾಸೋಹದಲ್ಲಿ ಬಡಿಸುವ ಸೇವೆ ನನ್ನದು. ಒಂದು ಸಂಜೆ ಗೋಧಿ ಹುಗ್ಗಿಯ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದೆ. ಹಿರಿಯರೊಬ್ಬರು ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕ್ರೀ ಸರ, ಶುಗರ್ ಐತಿ" ಅಂದರು. ನಾನು ರೂಢಿಯಂತೆ, "ಪ್ರಸಾದಕ್ಕ ಬ್ಯಾಡ ಅನಬಾರದ್ರಿ ಯಜಮಾನ್ರ, ಏನೂ ಆಗೂದಿಲ್ಲ" ಎಂದು ಒಂದು ಸೌಟು ಹಾಕಿಯೇ ಬಿಟ್ಟೆ. ಹಾಕಿದ್ದನ್ನು ಕೆಡಿಸುವವರಲ್ಲ ಅವರು. ಪೂರ್ತಿ ಉಂಡು, ತಟ್ಟೆ ತೊಳೆದು ಕುಡಿದು, ಗೋಡೆ ಹಿಡಿದು ಎದ್ದರು. ಆಗ ನೋಡಿದೆ: ಅವರ ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾಡಿದ್ದು ದಾಸೋಹವೇ, ಒತ್ತಾಯವೇ? ಆ ಹಿರಿಯರು ಭಕ್ತಿಯಿಂದ ಉಂಡರು, ನಿಜ. ಆದರೆ ನಾನು ಬಡಿಸಿದ್ದು ಭಕ್ತಿಯಿಂದಲ್ಲ, ಅಭ್ಯಾಸಬಲದಿಂದ.

ಅದೇ ವಾರ ನನ್ನ ರಕ್ತಪರೀಕ್ಷೆಯ ವರದಿಯೂ ಬಂದಿತ್ತು. ತೂಕ 84 ಕಿಲೋ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಎಂದರು ವೈದ್ಯರು. ಕಾಲೇಜು ದಿನಗಳಲ್ಲಿ ನಾನು 62 ಕಿಲೋ ಇದ್ದವ. ಇಪ್ಪತ್ತು ಕಿಲೋ ಇಳಿಸುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಕೈಚೆಲ್ಲಿ ಕೂತೆ. ವೈದ್ಯರು ನಕ್ಕು, "ಇಪ್ಪತ್ತು ಯಾರು ಕೇಳಿದರು? ಐದು ಇಳಿಸಿಕೊಂಡು ಬನ್ನಿ" ಅಂದರು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ. ಓದಿ ನೋಡಿದ ಮೇಲೆ ತಿಳಿಯಿತು, ಅದು ಸಮಾಧಾನದ ಮಾತಲ್ಲ.

ಅಮೆರಿಕದಲ್ಲಿ, ನನ್ನಂತೆಯೇ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಜನರ ಮೇಲೆ ದೊಡ್ಡ ಅಧ್ಯಯನವೊಂದು ನಡೆಯಿತು. 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ದೇಹದ ತೂಕದಲ್ಲಿ ನೂರಕ್ಕೆ ಏಳು ಪಾಲು ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂತಹ ಶ್ರಮ ಮಾಡುವುದು. ಅವರು ಇಳಿಸಿದ್ದು ಸರಾಸರಿ ಐದೂವರೆ ಕಿಲೋದಷ್ಟು. ಅಷ್ಟಕ್ಕೇ ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡ ಗುಂಪಿನಲ್ಲಿ ಕಡಿಮೆಯಾದದ್ದು ಶೇಕಡಾ 31. ಅರವತ್ತು ದಾಟಿದವರಿಗಂತೂ ಲಾಭ ಇನ್ನೂ ಹೆಚ್ಚು, ಶೇಕಡಾ 71. "ಈ ವಯಸ್ಸಿನಲ್ಲಿ ಇನ್ನೇನು" ಎನ್ನುವ ನನ್ನ ಓರಗೆಯವರು ಈ ಅಂಕಿಯನ್ನು ನೆನಪಿಡಬೇಕು.

ಅದು ಅವರ ದೇಶದ ಮಾತು ಎನ್ನುವವರಿಗೆ ನಮ್ಮ ಚೆನ್ನೈನ ಅಧ್ಯಯನವಿದೆ. 2006ರಲ್ಲಿ ಪ್ರಕಟವಾದ ಅದರಲ್ಲಿ 531 ಜನ ಇದ್ದರು. ಊಟ ತಿದ್ದಿಕೊಂಡು ದಿನವೂ ನಡೆದವರಲ್ಲಿ ಕಾಯಿಲೆ ಶೇಕಡಾ 28ರಷ್ಟು ಕಡಿಮೆಯಾಯಿತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಂದರೆ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ ಎಂದು ಬೇಸತ್ತು ಬಿಡಬೇಕಿಲ್ಲ, ನಡೆ ಬದಲಾದರೆ ದೇಹ ಒಳಗೊಳಗೇ ಬದಲಾಗುತ್ತದೆ.

ಲಾಭ ಸಕ್ಕರೆಗೆ ಮಾತ್ರ ನಿಲ್ಲುವುದಿಲ್ಲ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ರಕ್ತದೊತ್ತಡ ತಗ್ಗುತ್ತದೆ. ಯಕೃತ್ತಿನಲ್ಲಿ ತುಂಬಿಕೊಂಡ ಕೊಬ್ಬು ಕರಗತೊಡಗುತ್ತದೆ. ಇದಕ್ಕೆಲ್ಲ 70 ಕಿಲೋ ಇರುವವರು ಇಳಿಸಬೇಕಾದದ್ದು ಮೂರೂವರೆಯಿಂದ ಐದು ಕಿಲೋ. ನಮ್ಮ ಜನರ ಕಾಯಿಲೆ ಹೊಟ್ಟೆಯಲ್ಲಿದೆ. ಕೈಕಾಲು ಸಣ್ಣಗಿದ್ದರೂ ಬೊಜ್ಜು ಮುಂದೆ ಬಂದಿರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಾಗಬೇಕು.

"ಇದು ವೈದ್ಯರ ವಿಷಯ, ಧರ್ಮದ ಪತ್ರಿಕೆಗೆ ಏಕೆ?" ಎಂದು ಕೆಲವರು ಕೇಳಬಹುದು. ನನ್ನ ಉತ್ತರ ಇಷ್ಟೇ. ಬಸವಣ್ಣನವರು ದೇಹವನ್ನೇ ಗುಡಿಯಾಗಿ ಕಂಡರು. ಹಾಗೆ ಕಂಡ ಶರಣರು ಉಪವಾಸ, ದೇಹದಂಡನೆಗಳನ್ನು ಒಪ್ಪಲಿಲ್ಲ, ಹೊಟ್ಟೆಬಾಕತನವನ್ನೂ ಒಪ್ಪಲಿಲ್ಲ. ನಾವು ಇಂದು ಎರಡನ್ನೂ ಮಾಡುತ್ತಿದ್ದೇವೆ. ಜಾತ್ರೆ, ಮದುವೆ, ಶ್ರಾವಣದಲ್ಲಿ ಮಿತಿಮೀರಿ ಉಣ್ಣುವುದು. ಆಮೇಲೆ ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಜಾಹೀರಾತು ನೋಡಿ ಊಟ ಬಿಟ್ಟು ಒಣಗುವುದು. ಈ ಹೊಸ ದೇಹದಂಡನೆ ಬಹುಕಾಲ ನಿಲ್ಲುವುದಿಲ್ಲ, ಇಳಿದ ತೂಕ ಮತ್ತೆ ಏರುತ್ತದೆ. ಮೆಲ್ಲಗೆ ಇಳಿಸಿದ ಐದು ಕಿಲೋ ಮಧ್ಯಮ ಮಾರ್ಗ. ಶರಣರ ನಡೆಗೆ ಹತ್ತಿರವಾದದ್ದು ಅದೇ.

ಪ್ರಸಾದ ಕೆಡಿಸಬಾರದು ಎಂಬ ನಮ್ಮ ನೇಮ ದೊಡ್ಡದು. ಆದರೆ ಅದರ ಅರ್ಥ ಹಾಕಿದ್ದನ್ನೆಲ್ಲ ನುಂಗಬೇಕು ಎಂದಲ್ಲ, ಬೇಕಾದಷ್ಟೇ ಹಾಕಿಸಿಕೊಳ್ಳಬೇಕು ಎಂದು. ಇದರ ಹೊರೆ ಹೆಚ್ಚು ಹೊರುತ್ತಿರುವವರು ನಮ್ಮ ತಾಯಂದಿರು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಅವರು, ಉಳಿದದ್ದು ಕೆಡಬಾರದೆಂದು ಹಸಿವಿಲ್ಲದಿದ್ದರೂ ಉಣ್ಣುತ್ತಾರೆ. ನಮ್ಮ ಮನೆಯಲ್ಲೂ ಇದೇ ನಡೆದಿತ್ತು. ಈಗ ನಾವಿಬ್ಬರೂ ಒಟ್ಟಿಗೆ ಕೂತು ಉಣ್ಣುತ್ತೇವೆ, ಅಳತೆಯಲ್ಲಿ ಅಡುಗೆ ಮಾಡುತ್ತೇವೆ. ಸಮಾನತೆಯ ಮಾತು ವೇದಿಕೆಯಿಂದ ಇಳಿದು ಊಟದ ತಟ್ಟೆಗೂ ಬರಬೇಕಲ್ಲವೇ?

ನಾನು ಮಾಡಿದ್ದು ಹೆಚ್ಚೇನಲ್ಲ. ಬೆಳಗಿನ ಇಷ್ಟಲಿಂಗ ಪೂಜೆಗೆ ಮೊದಲು ಅರ್ಧ ಗಂಟೆ ನಡೆಯುತ್ತೇನೆ, ವಾರಕ್ಕೆ ಐದು ದಿನ. ರಾತ್ರಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ. ಒಂದೂವರೆ ರೊಟ್ಟಿ, ಪಲ್ಯ ಹೆಚ್ಚು. ಚಹಾಕ್ಕೆ ಸಕ್ಕರೆ ಬಿಟ್ಟೆ. ಎಂಟು ತಿಂಗಳಲ್ಲಿ 79 ಕಿಲೋಗೆ ಬಂದೆ. ಸಕ್ಕರೆ ಹೊಸ್ತಿಲಿಂದ ಹಿಂದೆ ಸರಿದಿದೆ. ಮಠದ ಮೆಟ್ಟಿಲನ್ನು ಈಗ ಕಂಬಿ ಹಿಡಿಯದೆ ಹತ್ತುತ್ತೇನೆ.

ಎಲ್ಲರೂ ತೂಕ ಇಳಿಸಬೇಕು ಎಂದು ನಾನು ಹೇಳುತ್ತಿಲ್ಲ. ಹಸಿದು ಬಂದವರಿಗೆ, ಮಠದ ಪ್ರಸಾದನಿಲಯದ ಮಕ್ಕಳಿಗೆ ಹೊಟ್ಟೆ ತುಂಬ ಬಡಿಸಬೇಕು. ದಾಸೋಹ ಇರುವುದೇ ಅದಕ್ಕೆ. ಸಕ್ಕರೆಯ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ತಾನಾಗಿಯೇ ತೂಕ ಇಳಿಯುತ್ತಿದ್ದರೆ ಅದು ಲಾಭವಲ್ಲ, ಕಾಯಿಲೆಯ ಸೂಚನೆ ಇರಬಹುದು.

ಮಠಗಳಲ್ಲಿ, ಸಂಘಗಳಲ್ಲಿ ನನ್ನ ವಿನಂತಿ ಮೂರು. ಬಡಿಸುವವರು ಕೇಳಿ ಬಡಿಸಲಿ. ಸಿಹಿಗೆ ಸಣ್ಣ ಸೌಟು ಇರಲಿ. ಅನ್ನದ ಜೊತೆ ಕೋಸಂಬರಿ, ಪಲ್ಯ ಧಾರಾಳವಾಗಿರಲಿ. ವಾರದ ಅನುಭಾವ ಗೋಷ್ಠಿ ನಡೆಯುವಲ್ಲಿ ಒಂದು ತೂಕದ ಯಂತ್ರ, ಒಂದು ಅಳತೆ ಟೇಪು ಇರಲಿ. ಪೂಜ್ಯರು ಪ್ರವಚನದ ನಡುವೆ ಈ ಬಗ್ಗೆ ಒಂದು ಮಾತು ಹೇಳಲಿ. ವೈದ್ಯರ ಹತ್ತು ಮಾತಿಗೆ ಬಗ್ಗದವರು ಪೂಜ್ಯರ ಒಂದು ಮಾತಿಗೆ ಬಗ್ಗುತ್ತಾರೆ.

ಆ ಹಿರಿಯರು ಮೊನ್ನೆ ಮತ್ತೆ ಪಂಕ್ತಿಯಲ್ಲಿ ಕೂತಿದ್ದರು. ಹುಗ್ಗಿಯ ಬಕೆಟ್ ನನ್ನ ಕೈಯಲ್ಲೇ ಇತ್ತು. "ಎಷ್ಟು ಹಾಕ್ಲಿರಿ ಯಜಮಾನ್ರ?" ಅಂದೆ. ಅವರು ಬೆರಳ ತುದಿ ತೋರಿಸಿದರು. ಅಷ್ಟೇ ಹಾಕಿದೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು ಸ್ವೀಕರಿಸಿದರು. ಪ್ರಸಾದಕ್ಕೆ ಅಷ್ಟು ಸಾಕಿತ್ತು.